ವಿಮಾನ ಇಳಿಯಿತು, ಸಾಮಾನು ಇಳಿಯಿತೇ?

ಎಲ್ಲಾದರೂ ಭೂಕಂಪವೋ ನೆರೆಯೋ ಯುದ್ಧವೋ ಆದರೆ ಒಂದೆರಡು ದಿನದಲ್ಲೇ ಟಿವಿಯಲ್ಲಿ, ಮೊಬೈಲಿನಲ್ಲಿ ಒಂದು ದೃಶ್ಯ ಬರುತ್ತದೆ. ಬೂದು ಬಣ್ಣದ ದೊಡ್ಡ ವಿಮಾನ, ತೆರೆದ ಹಿಂಬಾಗಿಲು, ಒಳಗೆ ಬಲೆ ಹಾಕಿ ಬಿಗಿದ ಪೆಟ್ಟಿಗೆಗಳ ರಾಶಿ. ಕೆಳಗೆ ‘ಇಷ್ಟು ಟನ್ ಪರಿಹಾರ ಸಾಮಗ್ರಿ ರವಾನೆ’ ಎಂಬ ಸಾಲು. ಮನೆಯವರೆಲ್ಲ ನೋಡಿ, ‘ಅಲ್‌ಹಮ್ದುಲಿಲ್ಲಾಹ್, ಹೊರಟಿತಲ್ಲ’ ಅಂತ ಸಮಾಧಾನ ಪಡುತ್ತೇವೆ. ನಮ್ಮ ಪಾಲಿಗೆ ಸುದ್ದಿ ಅಲ್ಲಿಗೆ ಮುಗಿಯಿತು.

ಆದರೆ ಕಷ್ಟದಲ್ಲಿದ್ದವರ ಪಾಲಿಗೆ ಅದು ಅಲ್ಲಿಂದ ಶುರು. ಆ ವಿಮಾನ ಎಲ್ಲಿ ಇಳಿಯಬೇಕು? ಇಳಿದ ಮೇಲೆ ಎಲ್ಲಿ ನಿಲ್ಲಬೇಕು? ಅದರ ಹೊಟ್ಟೆಯಲ್ಲಿರುವ ಮೂವತ್ತು ನಲವತ್ತು ಟನ್ ಸಾಮಾನನ್ನು ಯಾರು, ಯಾವುದರಿಂದ ಇಳಿಸಬೇಕು? ಇಳಿಸಿದ್ದನ್ನು ಎಲ್ಲಿ ಇಡಬೇಕು? ಕಳೆದ ಎರಡು ದಶಕಗಳ ದೊಡ್ಡ ದೊಡ್ಡ ದುರಂತಗಳನ್ನು ನೋಡಿದರೆ, ಜಗತ್ತಿನ ಸಹಾಯ ಹೆಚ್ಚು ಸಲ ಸಿಕ್ಕಿಬಿದ್ದದ್ದು ಆಕಾಶದಲ್ಲೂ ಅಲ್ಲ, ಕೊಡುವವರ ಮನಸ್ಸಿನಲ್ಲೂ ಅಲ್ಲ. ವಿಮಾನ ನಿಲ್ದಾಣದ ಅಂಗಳದಲ್ಲಿ. ಈ ವಾರ ಅದರ ಬಗ್ಗೆ ಸ್ವಲ್ಪ ವಿವರವಾಗಿ ನೋಡೋಣ. ದಾನ ಕೊಡುವ ಮನೆಗಳಿಗೆ ಇದು ಗೊತ್ತಿರಬೇಕಾದ ವಿಷಯ.

ಇಳಿಸುವುದು ಅಂದರೆ ಏನು?

ಮಂಗಳೂರಿನ ಬಂದರಿನಲ್ಲಿ ಲಾರಿಯಿಂದ ಅಕ್ಕಿ ಮೂಟೆ ಇಳಿಸುವುದನ್ನು ನಾವೆಲ್ಲ ನೋಡಿದ್ದೇವೆ. ಹಲಗೆ ಇಟ್ಟು, ಹಮಾಲಿಗಳು ಬೆನ್ನ ಮೇಲೆ ಹೊತ್ತು ಇಳಿಸುತ್ತಾರೆ. ವಿಮಾನದ್ದೂ ಹಾಗೇ ಇರಬಹುದು ಅಂತ ನಮ್ಮ ಅಂದಾಜು. ಗಲ್ಫಿನ ವಿಮಾನ ನಿಲ್ದಾಣಗಳ ಕಾರ್ಗೋ ವಿಭಾಗದಲ್ಲಿ ಕೆಲಸ ಮಾಡಿದ ನಮ್ಮ ಹುಡುಗರನ್ನು ಕೇಳಿದರೆ ಗೊತ್ತಾಗುತ್ತದೆ, ಅದು ಬೇರೆಯೇ ಲೆಕ್ಕ.

ದೊಡ್ಡ ಸರಕು ವಿಮಾನದಲ್ಲಿ ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿ ತುಂಬುವುದಿಲ್ಲ. ಲೋಹದ ಚಪ್ಪಟೆ ಹಲಗೆಯ ಮೇಲೆ ಜೋಡಿಸಿ, ಬಲೆಯಿಂದ ಬಿಗಿದು ಕಟ್ಟುತ್ತಾರೆ. ಇದಕ್ಕೆ ಪ್ಯಾಲೆಟ್ ಅನ್ನುತ್ತಾರೆ. ಸೇನಾ ವಿಮಾನಗಳ ಸಾಮಾನ್ಯ ಪ್ಯಾಲೆಟ್ 9 ಅಡಿ ಉದ್ದ, ಸುಮಾರು ಏಳೂಕಾಲು ಅಡಿ ಅಗಲ. ಒಂದರ ಮೇಲೆ ನಾಲ್ಕೂವರೆ ಟನ್ ವರೆಗೆ ಭಾರ ಹೇರಬಹುದು. ನಮ್ಮ ವಾಯುಪಡೆಯ ಹತ್ತಿರ ಇರುವ ಸಿ-17 ವಿಮಾನದಲ್ಲಿ ಇಂಥ 18 ಪ್ಯಾಲೆಟ್ ಹಿಡಿಯುತ್ತವೆ. ಅದು ಹೊರಬಹುದಾದ ಗರಿಷ್ಠ ಭಾರ ಸುಮಾರು 77 ಟನ್. ವಿಮಾನದ ನೆಲದಲ್ಲಿ ಉರುಳೆಗಳು ಇರುತ್ತವೆ, ಪ್ಯಾಲೆಟನ್ನು ಅವುಗಳ ಮೇಲೆ ತಳ್ಳಿಕೊಂಡು ಬಾಗಿಲಿಗೆ ತರಬಹುದು. ಆದರೆ ಬಾಗಿಲಿನಿಂದ ನೆಲಕ್ಕೆ ನಾಲ್ಕೂವರೆ ಟನ್ ಇಳಿಸುವುದು ಮನುಷ್ಯರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ದೊಡ್ಡ ಫೋರ್ಕ್‌ಲಿಫ್ಟ್ ಬೇಕು, ಇಲ್ಲದಿದ್ದರೆ ಲೋಡರ್ ಎಂಬ, ಮೇಲೆ ಕೆಳಗೆ ಹೋಗುವ ಅಟ್ಟದಂಥ ವಾಹನ ಬೇಕು.

ಎಲ್ಲ ವಿಮಾನವೂ ಒಂದೇ ತರ ಅಲ್ಲ. ಸಿ-17, ಸಿ-130, ರಷ್ಯಾದ ಐಎಲ್-76 ಇವುಗಳಿಗೆ ಹಿಂದೆ ನೆಲಕ್ಕೆ ತಾಗುವ ಇಳಿಜಾರು ಬಾಗಿಲು ಉಂಟು. ಜೀಪು ಹತ್ತಿಸಬಹುದು, ಸಣ್ಣ ಲಾರಿ ಇಳಿಸಬಹುದು. ಉಕ್ರೇನಿನ ಆಂಟೊನೊವ್-124 ವಿಮಾನವಂತೂ ಮೂಗನ್ನು ಮೇಲಕ್ಕೆತ್ತಿ, ಒಂಟೆಯ ಹಾಗೆ ಮುಂದಕ್ಕೆ ಮಂಡಿಯೂರುತ್ತದೆ. ಒಳಗೇ ಕ್ರೇನ್ ಕೂಡ ಇದೆ. ಆದರೆ ಬಾಡಿಗೆಗೆ ಸಿಗುವ ಬೋಯಿಂಗ್-747 ಸರಕು ವಿಮಾನದ ಮುಖ್ಯ ಅಟ್ಟ ನೆಲದಿಂದ ಸುಮಾರು 16 ಅಡಿ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಏರುವ ಲೋಡರ್ ಇಲ್ಲದ ಊರಿಗೆ ಅದು ನೂರು ಟನ್ ಔಷಧ ತಂದರೂ ಪ್ರಯೋಜನ ಇಲ್ಲ. ಬಾವಿಯಲ್ಲಿ ನೀರಿದೆ, ಹಗ್ಗ ಇಲ್ಲ ಎಂಬ ಹಾಗೆ.

ಯಂತ್ರ ಇದ್ದರೂ ಅವಸರ ಮಾಡುವ ಹಾಗಿಲ್ಲ. ಮುಂದಿನ ಭಾಗ ಖಾಲಿಯಾಗಿ ಹಿಂದೆ ಭಾರ ಉಳಿದರೆ ಕೆಲವು ವಿಮಾನಗಳ ಮೂಗು ಮೇಲೆದ್ದು ಬಾಲ ನೆಲಕ್ಕೆ ಬಡಿಯುತ್ತದೆ. ಫೋರ್ಕ್‌ಲಿಫ್ಟಿನ ಮೊನೆ ವಿಮಾನದ ಮೈಗೆ ತಾಗಿ ತಗ್ಗು ಬಿದ್ದರೆ, ತಪಾಸಣೆ ಆಗುವ ತನಕ ಅದು ಹಾರುವಂತಿಲ್ಲ. ನಿಂತ ಜಾಗವೂ ಖಾಲಿ ಆಗುವುದಿಲ್ಲ. ಆದ್ದರಿಂದ ಯಾವ ಪ್ಯಾಲೆಟ್ ಮೊದಲು, ಯಾವುದು ಆಮೇಲೆ ಎಂದು ನೋಡಿಕೊಳ್ಳಲು ವಿಮಾನದಲ್ಲೇ ಲೋಡ್‌ಮಾಸ್ಟರ್ ಎಂಬ ಹೊಣೆಗಾರ ಇರುತ್ತಾನೆ. ಅವನ ಮಾತು ಅಲ್ಲಿ ಕೊನೆಯ ಮಾತು.

ಕಠ್ಮಂಡುವಿನ ಪಾಠ

ಇದೆಲ್ಲ ಒಟ್ಟಿಗೇ ಪರೀಕ್ಷೆಗೆ ಒಳಗಾದದ್ದು 2015ರಲ್ಲಿ, ನೇಪಾಳದಲ್ಲಿ. ಆ ವರ್ಷದ ಏಪ್ರಿಲ್ 25ರ ಶನಿವಾರ, ಮಧ್ಯಾಹ್ನ 12 ಗಂಟೆಗೆ ನಾಲ್ಕು ನಿಮಿಷ ಇರುವಾಗ 7.8 ತೀವ್ರತೆಯ ಭೂಕಂಪ ಆಯಿತು. ಸುಮಾರು 9,000 ಜನ ತೀರಿಹೋದರು. ಅದೇ ದಿನ ಭಾರತದ ವಾಯುಪಡೆಯ ವಿಮಾನಗಳು ಹೊರಟವು. ಆ ಕಾರ್ಯಾಚರಣೆಗೆ ‘ಆಪರೇಷನ್ ಮೈತ್ರಿ’ ಎಂದು ಹೆಸರಿಟ್ಟರು. ಚೀನಾ, ಪಾಕಿಸ್ತಾನ, ಯುರೋಪು, ಅಮೆರಿಕಾ, ಕೊಲ್ಲಿ ರಾಷ್ಟ್ರಗಳು, ಎಲ್ಲರೂ ಒಂದೇ ಕಡೆಗೆ ವಿಮಾನ ಕಳಿಸಿದರು.

ಆ ಒಂದು ಕಡೆ ಅಂದರೆ ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣ. ಆಗ ಇಡೀ ನೇಪಾಳಕ್ಕೆ ಇದ್ದದ್ದು ಅದೊಂದೇ ಅಂತಾರಾಷ್ಟ್ರೀಯ ನಿಲ್ದಾಣ. ಸುತ್ತ ಬೆಟ್ಟ, ನಡುವೆ ಒಂದೇ ರನ್‌ವೇ, ದೊಡ್ಡ ವಿಮಾನ ನಿಲ್ಲಲು ಬೆರಳೆಣಿಕೆಯ ಜಾಗ. ಭೂಕಂಪದ ಮರುದಿನ ಮತ್ತೆ ನೆಲ ನಡುಗಿದಾಗ ನಿಲ್ದಾಣವನ್ನು ಆಗಾಗ ಮುಚ್ಚಬೇಕಾಯಿತು. ಪರಿಹಾರ ಹೊತ್ತ ವಿಮಾನಗಳು ಮೇಲೆಯೇ ಸುತ್ತು ಹಾಕಿದವು. ನಮ್ಮ ದೇಶದ ಕೆಲವು ವಿಮಾನಗಳೂ ಇಳಿಯಲು ಜಾಗ ಸಿಗದೆ ವಾಪಸು ಬಂದವು.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಒಂದು ನಿಲ್ದಾಣದಲ್ಲಿ ಎಂಟು ದೊಡ್ಡ ವಿಮಾನ ನಿಲ್ಲಬಹುದು ಅಂತ ಇಟ್ಟುಕೊಳ್ಳಿ. ಲೋಡರ್, ಫೋರ್ಕ್‌ಲಿಫ್ಟ್, ತರಬೇತಿ ಪಡೆದ ಜನ ಇದ್ದು, ಒಂದೊಂದು ವಿಮಾನ ಎರಡು ಗಂಟೆಯಲ್ಲಿ ಖಾಲಿಯಾದರೆ ದಿನಕ್ಕೆ 96 ವಿಮಾನ ಬಂದು ಹೋಗಬಹುದು. ಯಂತ್ರ ಇಲ್ಲದೆ ಕೈಯಲ್ಲೇ ಇಳಿಸುತ್ತಾ ಆರು ಗಂಟೆ ಹಿಡಿದರೆ ಬರುವುದು 32 ಮಾತ್ರ. ರನ್‌ವೇ ಅದೇ, ಅಂಗಳ ಅದೇ, ವಿಮಾನವೂ ಅದೇ. ಆದರೆ 64 ವಿಮಾನಗಳ ಸಾಮಾನು ಆ ದಿನ ಬರಲೇ ಇಲ್ಲ. 40 ಟನ್ ಸಾಮಾನು 20 ಕಿಲೋದ ಪೆಟ್ಟಿಗೆಗಳಲ್ಲಿದ್ದರೆ 2,000 ಪೆಟ್ಟಿಗೆ ಆಗುತ್ತದೆ. 20 ಜನ ಸೇರಿದರೂ ಒಬ್ಬೊಬ್ಬ ನೂರು ಪೆಟ್ಟಿಗೆ ಹೊರಬೇಕು. ಆಮೇಲೆ ಮುಂದಿನ ವಿಮಾನ ಬಂದು ನಿಂತಿರುತ್ತದೆ.

ನಿಲ್ದಾಣದ ರನ್‌ವೇಗೂ ಒಂದು ತಾಳಿಕೆ ಉಂಟು. ಅಷ್ಟೊಂದು ಭಾರದ ವಿಮಾನಗಳು ಇಳಿದು ಇಳಿದು ಕಠ್ಮಂಡುವಿನ ರನ್‌ವೇ ಬಿರುಕು ಬಿಡತೊಡಗಿತು. ಮೇ 3ರಂದು ಅಧಿಕಾರಿಗಳು 196 ಟನ್‌ಗಿಂತ ಹೆಚ್ಚು ಒಟ್ಟು ತೂಕದ ವಿಮಾನಗಳನ್ನು ನಿಷೇಧಿಸಿದರು. ಅವರನ್ನು ದೂರುವ ಹಾಗಿರಲಿಲ್ಲ. ಇದ್ದ ಒಂದೇ ರನ್‌ವೇ ಹಾಳಾದರೆ ಎಲ್ಲವೂ ನಿಂತುಹೋಗುತ್ತಿತ್ತು. ಅದರ ಅನುಭವ ಅವರಿಗೆ ಆಗಲೇ ಆಗಿತ್ತು. ಭೂಕಂಪಕ್ಕೆ ಏಳೆಂಟು ವಾರ ಮುಂಚೆ, ಮಾರ್ಚ್ 4ರಂದು, ಟರ್ಕಿಯ ಒಂದು ಪ್ರಯಾಣಿಕ ವಿಮಾನ ಮಂಜಿನಲ್ಲಿ ಜಾರಿ ರನ್‌ವೇಗೆ ಅಡ್ಡಿಯಾಗಿ ಕೂತುಬಿಟ್ಟಿತ್ತು. ಅದನ್ನು ಎತ್ತುವ ಉಪಕರಣ ನೇಪಾಳದಲ್ಲಿ ಇರಲಿಲ್ಲ, ಭಾರತದ ವಾಯುಪಡೆಯ ವಿಮಾನವೇ ತಂದುಕೊಡಬೇಕಾಯಿತು. ಸುಮಾರು ನಾಲ್ಕು ದಿನ ದೇಶದ ಆ ಬಾಗಿಲು ಮುಚ್ಚಿತ್ತು. ಭೂಕಂಪದ ವಾರದಲ್ಲಿ ಹಾಗೆ ಆಗಿದ್ದರೆ ಎಂದು ಯೋಚಿಸಿ ನೋಡಿ.

ಹಾಗಂತ ನೇಪಾಳ ಏನೂ ತಯಾರಿ ಮಾಡಿರಲಿಲ್ಲ ಅಂತ ಅಲ್ಲ. ವಿಶ್ವ ಆಹಾರ ಕಾರ್ಯಕ್ರಮ ಸಂಸ್ಥೆ ಬ್ರಿಟನ್ನಿನ ಹಣದಿಂದ ಕಠ್ಮಂಡು ನಿಲ್ದಾಣದ ಬದಿಯಲ್ಲೇ ಪರಿಹಾರ ಸಾಮಗ್ರಿ ಇಳಿಸಿ, ವಿಂಗಡಿಸಿ, ಕಳಿಸಲು ಒಂದು ಪ್ರತ್ಯೇಕ ಜಾಗ ಕಟ್ಟಿಸಿತ್ತು. ಅದು ಉದ್ಘಾಟನೆ ಆದದ್ದು 2015ರ ಮಾರ್ಚ್ ಕೊನೆಯಲ್ಲಿ, ಭೂಕಂಪಕ್ಕೆ ಸುಮಾರು ಒಂದು ತಿಂಗಳು ಮುಂಚೆ. ಅದಕ್ಕೂ ಮೊದಲು 2010ರಲ್ಲೇ, ‘ವಿಪತ್ತಿಗೆ ನಿಲ್ದಾಣ ಸಜ್ಜಾಗಲಿ’ ಎಂಬ ಉದ್ದೇಶದಿಂದ ಡಿಎಚ್‌ಎಲ್ ಕಂಪೆನಿ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಸೇರಿ ಅಲ್ಲಿನ ಸಿಬ್ಬಂದಿಗೆ ತರಬೇತಿ ಕೊಟ್ಟಿದ್ದವು. ಭೂಕಂಪದ ನಂತರ ಅದೇ ಕಂಪೆನಿಯ ಸ್ವಯಂಸೇವಕರು ಬಂದು ಪೆಟ್ಟಿಗೆ ವಿಂಗಡಿಸಲು ನಿಂತರು. ಮೇ ಮೊದಲ ವಾರದಲ್ಲಿ ಗುವಾಮ್ ದ್ವೀಪದಿಂದ ಅಮೆರಿಕಾ ವಾಯುಪಡೆಯ ಒಂದು ತಂಡ ಬಂತು. ಅವರು ಔಷಧಿ ತಂದವರಲ್ಲ, ಆಹಾರ ತಂದವರಲ್ಲ. ಅವರ ಕೆಲಸವೇ ವಿಮಾನ ಇಳಿಸುವುದು. ಯಾವ ದೇಶದ ವಿಮಾನ ಬಂದರೂ ನೇಪಾಳಿ ಸೈನಿಕರ ಜೊತೆ ಸೇರಿ ಸಾಮಾನು ಇಳಿಸಿ ಅಂಗಳ ಖಾಲಿ ಮಾಡಿಕೊಡುತ್ತಿದ್ದರು. ಇಂಥ ತಂಡದ ಫೋಟೋ ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಆದರೆ ಆ ದಿನಗಳಲ್ಲಿ ಇನ್ನೊಂದು ವಿಮಾನ ತುಂಬ ಕಂಬಳಿ ಕಳಿಸುವುದಕ್ಕಿಂತ ಇಂಥ ಒಂದು ತಂಡ ಕಳಿಸುವುದೇ ದೊಡ್ಡ ಸಹಾಯವಾಗಿತ್ತು.

ಇಳಿದ ಮೇಲೂ ಕದಲದ ರಾಶಿ

ಸಾಮಾನು ನೆಲಕ್ಕೆ ಇಳಿದರೂ ಕತೆ ಮುಗಿಯಲಿಲ್ಲ. ಕಸ್ಟಮ್ಸ್ ತಪಾಸಣೆ ಎಂದು ಪೆಟ್ಟಿಗೆಗಳು ಅಲ್ಲೇ ಉಳಿದವು. ಯುದ್ಧವಿಲ್ಲದ ದಿನಗಳ ನಿಯಮವನ್ನೇ ಈಗಲೂ ಹಿಡಿದು ಕೂರಬೇಡಿ ಎಂದು ವಿಶ್ವಸಂಸ್ಥೆಯ ಅಧಿಕಾರಿಗಳು ಬಹಿರಂಗವಾಗಿಯೇ ನೇಪಾಳ ಸರಕಾರಕ್ಕೆ ಹೇಳಬೇಕಾಯಿತು. ಸರಕಾರ ಟಾರ್ಪಾಲು, ಡೇರೆಗಳಿಗೆ ಸುಂಕ ತೆಗೆದದ್ದು ದುರಂತ ನಡೆದು ಸುಮಾರು ಒಂದು ವಾರದ ಮೇಲೆ.

ಆದರೆ ಸರಕಾರದ ಕಡೆಯಿಂದಲೂ ಒಂದು ಮಾತು ಬಂತು, ಅದನ್ನೂ ನಾವು ಕೇಳಿಸಿಕೊಳ್ಳಬೇಕು. ಆಗಿನ ಹಣಕಾಸು ಸಚಿವ ರಾಮ್ ಶರಣ್ ಮಹತ್ ಹೇಳಿದ್ದು ಇಷ್ಟು: ಹೊರಗಿನಿಂದ ಬಂದ ಸಾಮಾನಿನಲ್ಲಿ ಟ್ಯೂನಾ ಮೀನು, ಮಯೊನೀಸ್ ಇತ್ತು, ಅದನ್ನು ಇಟ್ಟುಕೊಂಡು ನಾವೇನು ಮಾಡುವುದು, ನಮಗೆ ಬೇಕಿರುವುದು ಧಾನ್ಯ, ಉಪ್ಪು, ಸಕ್ಕರೆ. ಬೆಟ್ಟದ ಮೇಲಿನ ಹಳ್ಳಿಯಲ್ಲಿ ಮನೆ ಕುಸಿದು, ಮಗುವನ್ನು ಅಪ್ಪಿಕೊಂಡು ಮಳೆಯಲ್ಲಿ ಕೂತ ತಾಯಿಗೆ ಮಯೊನೀಸ್! ಕಳಿಸಿದವರು ಕೆಟ್ಟ ಮನಸ್ಸಿನಿಂದ ಕಳಿಸಿದ್ದಲ್ಲ. ಕೇಳದೆ ಕಳಿಸಿದರು, ಅಷ್ಟೇ. ಆದರೆ ಆ ಪೆಟ್ಟಿಗೆ ಇಳಿಸಲೂ ಅಷ್ಟೇ ಹೊತ್ತು ಹಿಡಿಯಿತು, ಅಷ್ಟೇ ಜಾಗ ಹಿಡಿಯಿತು. ಅದರ ಹಿಂದೆ ಟಾರ್ಪಾಲು ಹೊತ್ತ ವಿಮಾನ ಕಾಯುತ್ತಿತ್ತು.

ಯಾರ ವಿಮಾನ ಮೊದಲು?

ಜಾಗ ಕಡಿಮೆ, ವಿಮಾನ ಜಾಸ್ತಿ ಅಂದಾಗ ಇನ್ನೊಂದು ಪ್ರಶ್ನೆ ಏಳುತ್ತದೆ: ಯಾರದ್ದು ಮೊದಲು ಇಳಿಯಬೇಕು? ಇದು ರಾಜಕೀಯದ ಪ್ರಶ್ನೆ ಕೂಡ ಹೌದು.

2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪ ಆದಾಗ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ವಿಮಾನ ನಿಲ್ದಾಣದ ನಿಯಂತ್ರಣ ಗೋಪುರವೇ ಉಪಯೋಗಕ್ಕೆ ಇಲ್ಲದಂತಾಯಿತು. ಅಮೆರಿಕಾ ವಾಯುಪಡೆಯ ಒಂದು ಸಣ್ಣ ತಂಡ ರನ್‌ವೇ ಪಕ್ಕ ಮಡಚುವ ಮೇಜು ಹಾಕಿ ಕೂತು, ಕೈ ರೇಡಿಯೋದಲ್ಲಿ ವಿಮಾನಗಳನ್ನು ಇಳಿಸಿತು. ಅದು ಮೆಚ್ಚಬೇಕಾದ ಕೆಲಸವೇ. ಅಲ್ಲೂ ಒಂದೇ ರನ್‌ವೇ. ತುಂಬಿಸಲು ಇಂಧನ ಇಲ್ಲ, ಆದ್ದರಿಂದ ಬರುವ ವಿಮಾನ ವಾಪಸು ಹೋಗುವ ಎಣ್ಣೆಯನ್ನೂ ಹೊತ್ತು ಬರಬೇಕು, ಅಷ್ಟು ಸಾಮಾನು ಕಡಿಮೆ. ಅಂಥ ಹೊತ್ತಿನಲ್ಲಿ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಯ ಗಾಳಿ ತುಂಬುವ ಡೇರೆ ಆಸ್ಪತ್ರೆ ಹೊತ್ತ ವಿಮಾನಕ್ಕೆ ಜನವರಿ 16ರಂದು ಇಳಿಯಲು ಅವಕಾಶ ಸಿಗಲಿಲ್ಲ. ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ ತಿರುಗಿಸಿದರು, ಅಲ್ಲಿಂದ ಲಾರಿಯಲ್ಲಿ ಬರುವಾಗ ಆಸ್ಪತ್ರೆ ಒಂದು ದಿನ ತಡವಾಯಿತು. ಸೇನೆಯ ವಿಮಾನಗಳಿಗೇ ಮೊದಲ ಜಾಗ ಸಿಗುತ್ತಿದೆ ಎಂಬ ದೂರು ಎದ್ದಿತು. ಆಮೇಲೆ ಅಮೆರಿಕಾ ಮತ್ತು ವಿಶ್ವಸಂಸ್ಥೆ ಮಾತಾಡಿ, ಪರಿಹಾರ ವಿಮಾನಗಳಿಗೆ ಆದ್ಯತೆ ಕೊಡುವ ಏರ್ಪಾಡು ಮಾಡಿದವು. ಕಲ್ಲುಮಣ್ಣಿನಡಿ ಕೈಕಾಲು ನಜ್ಜುಗುಜ್ಜಾದವರಿಗೆ ಒಂದು ದಿನ ಎಂದರೆ ಏನು ಅಂತ ವೈದ್ಯರನ್ನು ಕೇಳಿ.

ಅದಕ್ಕೂ ಮುಂಚೆ, ಸುನಾಮಿ ಆದ ಹೊಸತರಲ್ಲಿ, ಇಂಡೋನೇಷ್ಯಾದ ಬಂದಾ ಅಚೆಯಲ್ಲಿ 2005ರ ಜನವರಿ 4ರಂದು ಪರಿಹಾರದ ಒಂದು ಬೋಯಿಂಗ್-737 ಸರಕು ವಿಮಾನ ಇಳಿಯುವಾಗ ರನ್‌ವೇಗೆ ನುಗ್ಗಿದ ಜಾನುವಾರಿಗೆ ಡಿಕ್ಕಿ ಹೊಡೆಯಿತು. ವಿಮಾನದ ಚಕ್ರದ ಕಾಲು ಮುರಿದು ರನ್‌ವೇಯಲ್ಲೇ ಕೂತಿತು. ಅದನ್ನು ಪಕ್ಕಕ್ಕೆ ಸರಿಸುವ ತನಕ ಗಂಟೆಗಟ್ಟಲೆ ಬೇರೆ ಯಾವ ವಿಮಾನವೂ ಇಳಿಯಲಿಲ್ಲ. ಇಡೀ ಜಗತ್ತು ಕೋಟಿ ಕೋಟಿ ಕೊಡುತ್ತಿದ್ದ ಸಮಯ ಅದು. ಗಟ್ಟಿ ಬೇಲಿ ಇಲ್ಲದ್ದಕ್ಕೆ ಎಲ್ಲವೂ ನಿಂತಿತು.

ಅಲ್ ಅರೀಶಿನಿಂದ ಗಾಝಾಕ್ಕೆ

ಇಲ್ಲಿಯ ತನಕ ಹೇಳಿದ್ದು ಯಂತ್ರದ ಕೊರತೆ, ಜಾಗದ ಕೊರತೆ. ಗಾಝಾದ ವಿಷಯ ಬೇರೆ. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ನೋವಿನಿಂದ ಮಾತಾಡಿದ ವಿಷಯವೂ ಅದೇ.

2023ರ ಅಕ್ಟೋಬರ್ 22ರಂದು ಭಾರತದ ವಾಯುಪಡೆಯ ಸಿ-17 ವಿಮಾನ ದಿಲ್ಲಿ ಸಮೀಪದ ಹಿಂಡನ್ ನೆಲೆಯಿಂದ ಈಜಿಪ್ಟಿನ ಅಲ್ ಅರೀಶ್ ನಿಲ್ದಾಣಕ್ಕೆ ಹೋಯಿತು. ಅದರಲ್ಲಿ ಗಾಝಾ ಜನರಿಗಾಗಿ 6.5 ಟನ್ ಔಷಧ ಮತ್ತು ವೈದ್ಯಕೀಯ ಸಾಮಗ್ರಿ, 32 ಟನ್ ಇತರ ಪರಿಹಾರ ಸಾಮಗ್ರಿ ಇತ್ತು. ನವೆಂಬರಿನಲ್ಲಿ ಇನ್ನೊಂದು ವಿಮಾನವೂ ಹೋಯಿತು. ಬೇರೆ ಎಷ್ಟೋ ದೇಶಗಳ ವಿಮಾನಗಳು ಅಲ್ಲಿಗೇ ಬಂದವು. ಅಲ್ ಅರೀಶಿನಿಂದ ರಫಾ ಗಡಿಗೆ ಸುಮಾರು 45 ಕಿಲೋಮೀಟರ್, ಅಂದರೆ ಹೆಚ್ಚು ಕಡಿಮೆ ಮಂಗಳೂರಿನಿಂದ ಕಾಸರಗೋಡಿಗೆ ಹೋದಷ್ಟು ದೂರ. ಸಾಮಾನು ವಿಮಾನದಿಂದ ಇಳಿಯುತ್ತಿತ್ತು, ಗೋದಾಮಿಗೆ ಹೋಗುತ್ತಿತ್ತು, ಲಾರಿಗೆ ಏರುತ್ತಿತ್ತು. ಆಮೇಲೆ ಲಾರಿ ನಿಲ್ಲುತ್ತಿತ್ತು. ಇಸ್ರೇಲಿನ ತಪಾಸಣೆ ಆಗದೆ ಒಂದು ಪೆಟ್ಟಿಗೆಯೂ ಒಳಗೆ ಹೋಗುವ ಹಾಗಿರಲಿಲ್ಲ.

2024ರ ಜನವರಿಯಲ್ಲಿ ಅಮೆರಿಕಾದ ಇಬ್ಬರು ಸೆನೆಟರುಗಳು, ಕ್ರಿಸ್ ವ್ಯಾನ್ ಹಾಲೆನ್ ಮತ್ತು ಜೆಫ್ ಮರ್ಕ್ಲಿ, ರಫಾ ಗಡಿಗೆ ಹೋಗಿ ಬಂದರು. ತಪಾಸಣೆಯಲ್ಲಿ ತಿರಸ್ಕಾರಗೊಂಡ ಸಾಮಾನು ತುಂಬಿದ ಗೋದಾಮನ್ನು ಅವರು ಕಣ್ಣಾರೆ ನೋಡಿದರು. ಆಮ್ಲಜನಕದ ಉಪಕರಣ, ನೀರು ಪರೀಕ್ಷಿಸುವ ಕಿಟ್ ಇಂಥವೂ ಅದರಲ್ಲಿ ಇದ್ದವು. ಒಂದು ವಸ್ತು ಬೇಡ ಅಂದರೆ ಆ ಇಡೀ ಲಾರಿಯೇ ವಾಪಸು. ಅಂದರೆ ಇಲ್ಲಿ ಫೋರ್ಕ್‌ಲಿಫ್ಟ್ ಇದ್ದು, ರನ್‌ವೇ ಇದ್ದು, ಲಾರಿ ಇದ್ದು, ಚಾಲಕ ಇದ್ದು, ಬಾಗಿಲು ಮಾತ್ರ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಇಸ್ರೇಲಿ ಸೇನೆ ರಫಾ ಗಡಿಯ ಆಚೆ ಬದಿಯನ್ನು ಹಿಡಿದ ಮೇಲೆ ಆ ದಾರಿಯೂ ಮುಚ್ಚಿತು.

ಆಗ ಜಗತ್ತು ಹುಡುಕಿದ ಉಪಾಯಗಳನ್ನು ನೋಡಿ. ಮೇಲಿಂದ ಪ್ಯಾರಾಚೂಟಿನಲ್ಲಿ ಆಹಾರ ಎಸೆದರು. 2024ರ ಮಾರ್ಚ್ 8ರಂದು ಪ್ಯಾರಾಚೂಟ್ ಬಿಚ್ಚಿಕೊಳ್ಳದ ಪೆಟ್ಟಿಗೆಗಳು ಬಿದ್ದು ಕಾಯುತ್ತಿದ್ದ ಐದು ಜನ ಸತ್ತರು. ಅಮೆರಿಕಾ ಸಮುದ್ರದಲ್ಲಿ ತೇಲುವ ದಕ್ಕೆ ಕಟ್ಟಿತು. ಅದಕ್ಕೆ 23 ಕೋಟಿ ಡಾಲರ್ ಖರ್ಚಿನ ಅಂದಾಜು. ಅದು ಮೇ ತಿಂಗಳಲ್ಲಿ ಶುರುವಾಗಿ, ಅಲೆಗೆ ಮುರಿದು, ರಿಪೇರಿಯಾಗಿ, ಜುಲೈಯಲ್ಲಿ ಬಾಗಿಲು ಹಾಕಿತು.

ಇದನ್ನೆಲ್ಲ ಒಂದು ಲಾರಿಯ ಜೊತೆ ತೂಗಿ ನೋಡಿ. ನಮ್ಮ ವಿಮಾನ ಒಯ್ದ 38.5 ಟನ್ ಸಾಮಾನು ಮೂರು ಲಾರಿಗಳಿಗೆ ಹಿಡಿಯುವಷ್ಟು. ಯುದ್ಧಕ್ಕೆ ಮುಂಚೆ ವ್ಯಾಪಾರದ ಸರಕೂ ಸೇರಿ ಗಾಝಾಕ್ಕೆ ದಿನಕ್ಕೆ ಸುಮಾರು 500 ಲಾರಿ ಹೋಗುತ್ತಿದ್ದವು. ಲಾರಿಗೆ 15 ಟನ್ ಅಂದರೂ 7,500 ಟನ್. ಅಷ್ಟನ್ನು ವಿಮಾನದಲ್ಲಿ ತರಬೇಕಾದರೆ 77 ಟನ್ ಪೂರ್ತಿ ತುಂಬಿದ ಸಿ-17 ವಿಮಾನ ದಿನಕ್ಕೆ ನೂರರ ಹತ್ತಿರ ಬೇಕು. ಆದ್ದರಿಂದ ವಿಮಾನದ ಫೋಟೋ ನೋಡಿ ‘ಸಹಾಯ ಹೋಗುತ್ತಾ ಉಂಟು’ ಎಂದು ಸುಮ್ಮನಾಗುವ ಹಾಗಿಲ್ಲ. ಮೊದಲ ಔಷಧ, ಶಸ್ತ್ರಚಿಕಿತ್ಸೆಯ ಸಾಮಾನು, ರಕ್ಷಣಾ ತಂಡ, ಇವಕ್ಕೆ ವಿಮಾನ ಬೇಕೇ ಬೇಕು. ಆದರೆ ಲಕ್ಷಾಂತರ ಜನರ ಹೊಟ್ಟೆ ತುಂಬಿಸುವುದು ತೆರೆದ ರಸ್ತೆ. ರಸ್ತೆ ತೆರೆಯಿಸುವುದು ಸರಕಾರಗಳ ಕೆಲಸ. ವಿಮಾನ ಕಳಿಸಿದ ಸರಕಾರಗಳನ್ನು ನಾವು ಕೇಳಬೇಕಾದ ಪ್ರಶ್ನೆಯೂ ಅದೇ: ಕಳಿಸಿದ್ದು ಸರಿ, ಬಾಗಿಲು ತೆರೆಯಿಸಲು ಏನು ಮಾಡಿದಿರಿ?

ನಮ್ಮ ಪಾಲಿನ ಕೆಲಸ

ಇಷ್ಟೆಲ್ಲ ಹೇಳಿ ನಮ್ಮ ಮನೆಯ ಬಾಗಿಲಿಗೆ ಬರದಿದ್ದರೆ ಆಗದು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಮ್ಮ ಊರಿನಿಂದಲೂ ಒಂದು ಟೆಂಪೋ ಸಾಮಾನು ಹೋಗಿತ್ತು. ಮದ್ರಸದ ಜಗಲಿಯಲ್ಲೇ ತುಂಬಿಸಿದ್ದು. ಯುವಕರು ರಾತ್ರಿ ನಿದ್ದೆಗೆಟ್ಟು ದುಡಿದರು. ಸಂಪಾಜೆ ದಾರಿ ಕುಸಿದಿತ್ತು, ಸುತ್ತು ಬಳಸಿ ಹೋದೆವು. ಪರಿಹಾರ ಕೇಂದ್ರದಲ್ಲಿ ಇದ್ದ ಒಬ್ಬ ಹೆಣ್ಣುಮಗಳು ನಮ್ಮ ಮೂಟೆಗಳನ್ನು ನೋಡಿ ಕೇಳಿದಳು, ‘ಉಸ್ತಾದರೇ, ತಂದದ್ದು ಬಹಳ ಉಪಕಾರ. ಆದ್ರೆ ಯಾವ ಮೂಟೆಯಲ್ಲಿ ಏನುಂಟು?’ ನಮಗೇ ಗೊತ್ತಿರಲಿಲ್ಲ. ಬಿಚ್ಚಿ ನೋಡಿದರೆ ಹಳೆ ಬಟ್ಟೆಯ ನಡುವೆ ಬಿಸ್ಕಿಟ್, ಅದರ ಪಕ್ಕ ಫಿನಾಯಿಲ್, ಅಡಿಯಲ್ಲಿ ಮಕ್ಕಳ ಹಾಲಿನ ಪುಡಿ. ಅಲ್ಲಿ ಬಟ್ಟೆ ಆಗಲೇ ಕೋಣೆ ತುಂಬ ಇತ್ತು. ಹಾಲಿನ ಪುಡಿ ಬೇಕಿತ್ತು, ಅದು ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ತಪ್ಪು ಬೇರೆ ಯಾರದ್ದೂ ಅಲ್ಲ, ನಮ್ಮದೇ. ಕಠ್ಮಂಡುವಿನ ಅಂಗಳದಲ್ಲಿ ಆದದ್ದು ಸಣ್ಣ ಪ್ರಮಾಣದಲ್ಲಿ ನಮ್ಮ ಟೆಂಪೋದಲ್ಲೂ ಆಯಿತು.

ಆದ್ದರಿಂದ ಮುಂದಿನ ಸಲ ನಮ್ಮ ಜಮಾಅತ್, ಸಂಘ, ಗಲ್ಫಿನ ವಾಟ್ಸಾಪ್ ಗುಂಪು ಯಾವುದೇ ಇರಲಿ, ಸಂಗ್ರಹ ಶುರು ಮಾಡುವ ಮುಂಚೆ ನಾಲ್ಕು ಮಾತು ನೆನಪಿಡೋಣ. ಮೊದಲನೆಯದು, ಅಲ್ಲಿಯವರನ್ನು ಕೇಳದೆ ಏನೂ ಕಳಿಸಬಾರದು. ಎರಡನೆಯದು, ದೂರದ ದೇಶಕ್ಕಾದರೆ ಸಾಮಾನಿಗಿಂತ ಹಣವೇ ಒಳ್ಳೆಯದು. ಕಾನೂನುಬದ್ಧವಾಗಿ, ರಸೀದಿ ಕೊಡುವ, ಲೆಕ್ಕ ತೋರಿಸುವ ಸಂಸ್ಥೆಯ ಮೂಲಕ ಕೊಡಬೇಕು. ಹಣಕ್ಕೆ ಫೋರ್ಕ್‌ಲಿಫ್ಟ್ ಬೇಡ. ದೊಡ್ಡ ಸಂಸ್ಥೆಗಳು ಸಾಮಾನನ್ನು ಮೊದಲೇ ತೆಗೆದಿಟ್ಟಿರುತ್ತವೆ. ನಮ್ಮವರು ದುಡಿಯುವ ದುಬೈಯಲ್ಲೇ 2003ರಿಂದ ಪರಿಹಾರ ಸಾಮಗ್ರಿಯ ದೊಡ್ಡ ಉಗ್ರಾಣ ವ್ಯವಸ್ಥೆ ಇದೆ. ಡೇರೆ, ಕಂಬಳಿ, ಔಷಧದ ಪೆಟ್ಟಿಗೆ ಅಲ್ಲಿ ಪ್ಯಾಲೆಟ್ ಲೆಕ್ಕದಲ್ಲಿ ತಯಾರು ಇರುತ್ತದೆ, ವಿಮಾನ ಬಂದರೆ ಏರಿಸುವುದಷ್ಟೇ. ಮೂರನೆಯದು, ಹತ್ತಿರದ ಊರಿಗೆ ಸಾಮಾನೇ ಕಳಿಸುವುದಾದರೆ ಒಂದು ಪೆಟ್ಟಿಗೆಯಲ್ಲಿ ಒಂದೇ ಬಗೆಯ ವಸ್ತು ಇರಲಿ. ಏನಿದೆ, ಎಷ್ಟಿದೆ, ಎಷ್ಟು ತೂಕ, ಅವಧಿ ಯಾವಾಗ ಮುಗಿಯುತ್ತದೆ ಎಂದು ಹೊರಗೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಒಬ್ಬ ಎತ್ತುವಷ್ಟೇ ಭಾರ ಇರಲಿ. ನಾಲ್ಕನೆಯದು, ಕಳಿಸಿದ ಮೇಲೆ ‘ಮುಟ್ಟಿತೇ, ಯಾರಿಗೆ ಮುಟ್ಟಿತು’ ಎಂದು ವಿಚಾರಿಸಿ, ಕೊಟ್ಟವರಿಗೆ ಲೆಕ್ಕ ಹೇಳಬೇಕು. ಒಬ್ಬ ಬೀಡಿ ಕಟ್ಟುವ ತಾಯಿ ಕೊಟ್ಟ ಐವತ್ತು ರೂಪಾಯಿ ನಮ್ಮ ಕೈಯಲ್ಲಿ ಅಮಾನತ್. ಅದು ಮುಟ್ಟಬೇಕಾದವರಿಗೆ ಮುಟ್ಟುವ ತನಕ ನಮ್ಮ ಹೊಣೆ ಇಳಿಯುವುದಿಲ್ಲ.

ನಾವು ಯಾವಾಗಲೂ ಕೊಡುವವರೇ ಆಗಿರುತ್ತೇವೆ ಎಂಬ ಭರವಸೆಯೂ ಇಲ್ಲ. 2018ರ ಆ ಮಳೆಯಲ್ಲಿ ಶಿರಾಡಿ, ಸಂಪಾಜೆ ಎರಡೂ ದಾರಿ ಒಟ್ಟಿಗೇ ಕಡಿದುಹೋದದ್ದನ್ನು ಕರಾವಳಿಯವರು ಮರೆತಿಲ್ಲ. ನಮ್ಮ ವಿಮಾನ ನಿಲ್ದಾಣ ಇರುವುದು ಗುಡ್ಡದ ನೆತ್ತಿಯಲ್ಲಿ. ಘಾಟಿ ಮುಚ್ಚಿದ ದಿನ ಅಲ್ಲಿಗೆ ಪರಿಹಾರ ವಿಮಾನ ಬಂದರೆ ಎಲ್ಲಿ ನಿಲ್ಲಿಸುವುದು, ಯಾರು ಇಳಿಸುವುದು, ಯಾವ ಗೋದಾಮಿಗೆ ಒಯ್ಯುವುದು ಎಂಬುದನ್ನು ಜಿಲ್ಲಾಡಳಿತ ಬಿಸಿಲಿನ ದಿನಗಳಲ್ಲೇ ಬರೆದಿಟ್ಟು, ಒಮ್ಮೆ ಅಭ್ಯಾಸ ಮಾಡಿ ನೋಡಬೇಕು. ನೇಪಾಳದಲ್ಲಿ ಒಂದು ತಿಂಗಳು ಮುಂಚೆ ತಯಾರಾದ ಆ ಜಾಗ ಎಷ್ಟು ಉಪಯೋಗಕ್ಕೆ ಬಂತು ಎಂಬುದೇ ಇದಕ್ಕೆ ಸಾಕ್ಷಿ.

ನೇಪಾಳದ ವಿಷಯದಲ್ಲಿ ಕೊನೆಯದಾಗಿ ಒಂದು ಮಾತು. ಕಠ್ಮಂಡುವಿನಲ್ಲಿ ಇಳಿದ ಸಾಮಾನು ಲಾರಿ ಹೋಗುವ ಕಡೆಗೆ ಲಾರಿಯಲ್ಲಿ ಹೋಯಿತು, ಹೆಲಿಕಾಪ್ಟರಿನಲ್ಲಿಯೂ ಹೋಯಿತು. ಅದೂ ತಲುಪದ ಬೆಟ್ಟದ ಹಳ್ಳಿಗಳಿಗೆ ವಿಶ್ವ ಆಹಾರ ಕಾರ್ಯಕ್ರಮ ಹೇಸರಗತ್ತೆಗಳನ್ನೂ ಸಾವಿರಾರು ಕೂಲಿಗಳನ್ನೂ ನೇಮಿಸಿತು. ಕುಸಿದ ಕಾಲುದಾರಿಗಳನ್ನು ಅವರೇ ಸರಿಮಾಡಿಕೊಂಡು, ಹಣೆಗೆ ಪಟ್ಟಿ ಕಟ್ಟಿ ಬೆನ್ನಿಗೆ ಬುಟ್ಟಿ ಏರಿಸಿ ಅಕ್ಕಿ, ತಗಡು, ಟಾರ್ಪಾಲು ಹೊತ್ತು ದಿನಗಟ್ಟಲೆ ನಡೆದರು. ಎಷ್ಟೋ ಜನರ ಸ್ವಂತ ಮನೆಯೂ ಬಿದ್ದಿತ್ತು. ಮುಂದಿನ ಸಲ ಟಿವಿಯಲ್ಲಿ ಆ ಬೂದು ವಿಮಾನ ಏರುವುದನ್ನು ನೋಡುವಾಗ, ಅದನ್ನು ಇಳಿಸಲು ಕಾಯುತ್ತಿರುವವರಿಗಾಗಿಯೂ, ಅಲ್ಲಿಂದ ಹೊತ್ತು ನಡೆಯುವವರಿಗಾಗಿಯೂ ಒಂದು ದುಆ ಇರಲಿ.